ಕಾರಿಗೆ ಕ್ಯಾರವಾನ್ ಕಟ್ಟೋ ಮುಂಚೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ ಬ್ರಿಟನ್ನಲ್ಲಿ ಮನೆ ಕಾರಿಗೇ ಕ್ಯಾರವಾನ್, ಅಂದ್ರೆ ಚಕ್ರದ ಮೇಲಿರೋ ಪುಟ್ಟ ಮನೆ, ಕಟ್ಕೊಂಡು ಮಕ್ಕಳ ಜೊತೆ ರಜೆಗೆ ಹೋಗೋದರ ಬಗ್ಗೆ ಬರ್ದಿದ್ದೆ. ಅದನ್ನ ಓದಿ ಇಲ್ಲಿರೋ ನಮ್ಮ ಕನ್ನಡದವರು ತುಂಬಾ ಜನ ಪ್ರಶ್ನೆ ಕಳಿಸಿದಾರೆ, ಕೆಲವರು ಫೋಟೋ ಸಮೇತ. ಖುಷಿ ಆಯ್ತು. ಒಂದೇ ಥರ ಇದ್ದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ. ಇಲ್ಲಿ ಹೇಳಿರೋ ಕಾನೂನು ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ದು, ಬೇರೆ ದೇಶಕ್ಕೆ ಗಾಡಿ ತಗೊಂಡು ಹೋಗೋರು ಅಲ್ಲಿನ ರೂಲ್ಸ್ ಬೇರೆಯಾಗಿ ನೋಡ್ಕೋಬೇಕು.

ನಾನು ಇಲ್ಲಿಗೆ ಬಂದಿದ್ದು 2012ರಲ್ಲಿ, ಇಲ್ಲಿನ ಟೆಸ್ಟ್ ಪಾಸ್ ಮಾಡಿದ್ದು 2014ರಲ್ಲಿ. ಕ್ಯಾರವಾನ್ ಎಳೀಬೇಕಂದ್ರೆ ಇನ್ನೊಂದು ಟೆಸ್ಟ್ ಬೇಕು ಅಂತ ಆಫೀಸಲ್ಲಿ ಒಬ್ರು ಹೇಳ್ತಾರೆ, ಬೇಡ ಅಂತ ಇನ್ನೊಬ್ರು. ಯಾವುದು ನಿಜ? (ಮಿಲ್ಟನ್ ಕೀನ್ಸ್)

ಇಬ್ರೂ ಹೇಳಿದ್ದು ನಿಜಾನೇ, ಮೊದಲನೇಯವರು ಹೇಳಿದ್ದು ಹಳೇ ಕಾಲದ ನಿಜ ಅಷ್ಟೇ. 1997ರ ಜನವರಿ 1ರಿಂದ ಈಚೆ ಕಾರ್ ಟೆಸ್ಟ್ ಪಾಸ್ ಮಾಡಿದೋರಿಗೆ ಮುಂಚೆ ಒಂದು ಕಟ್ಟುಪಾಡಿತ್ತು, 750 ಕೆಜಿಗಿಂತ ದೊಡ್ಡ ಟ್ರೈಲರ್ ಎಳೆದ್ರೆ ಕಾರು ಟ್ರೈಲರ್ ಎರಡರ ಗರಿಷ್ಠ ತೂಕ ಸೇರಿ 3,500 ಕೆಜಿ ದಾಟಬಾರ್ದು, ದಾಟಬೇಕಂದ್ರೆ ಬೇರೆ ಟೆಸ್ಟ್ ಕೊಡಬೇಕಿತ್ತು. 2021ರ ಡಿಸೆಂಬರ್ 16ಕ್ಕೆ ಅದನ್ನ ತೆಗೆದ್ರು. ಈಗ ಮಾಮೂಲಿ ಕಾರ್ ಲೈಸೆನ್ಸ್ ಇದ್ರೆ ಸಾಕು, 3,500 ಕೆಜಿವರೆಗಿನ ಟ್ರೈಲರ್ ಎಳೀಬಹುದು.

ಆದ್ರೆ ದಯವಿಟ್ಟು ಈ 3,500 ಅನ್ನೋ ನಂಬರ್ ನೋಡಿ ಮೋಸ ಹೋಗ್ಬೇಡಿ. ಅದು ನಿಮ್ಮ ಲೈಸೆನ್ಸಿಗೆ ಕೊಟ್ಟಿರೋ ಮಿತಿ, ನಿಮ್ಮ ಕಾರಿಗಲ್ಲ. ಮಾಮೂಲಿ ಫ್ಯಾಮಿಲಿ ಕಾರು ಅದರ ಅರ್ಧ ಎಳೆಯೋದೂ ಕಷ್ಟ. ಟೆಸ್ಟ್ ತೆಗೆದಿದ್ದು ನಮಗೆ ಅನುಕೂಲ ಆಯ್ತು ನಿಜ, ಆದ್ರೆ ಆ ಟೆಸ್ಟಿಗೋಸ್ಕರ ಜನ ಕಲೀತಿದ್ದನ್ನ ಈಗ ನಾವೇ ನಾವಾಗಿ ಕಲೀಬೇಕು, ಹೇಳ್ಕೊಡೋರು ತಾನಾಗಿ ಬರಲ್ಲ.

ಇನ್ನೊಂದು, ಊರಿಂದ ಹೊಸದಾಗಿ ಬಂದೋರು ಇಂಡಿಯಾ ಲೈಸೆನ್ಸಲ್ಲಿ 12 ತಿಂಗಳು ಕಾರ್ ಓಡಿಸಬಹುದು, ಆಮೇಲೆ ಇಲ್ಲಿನ ಟೆಸ್ಟ್ ಆಗ್ಲೇಬೇಕು, ನೇರ ಬದಲಾಯಿಸಿ ಕೊಡೋ ದೇಶಗಳ ಪಟ್ಟೀಲಿ ಇಂಡಿಯಾ ಇಲ್ಲ. ಬಂದ ಹೊಸದ್ರಲ್ಲೇ ಕ್ಯಾರವಾನ್ ಬೇಡ, ಮೊದಲು ಇಲ್ಲಿನ ರೌಂಡಬೌಟು, ಮೋಟರ್‌ವೇ ಎಲ್ಲಾ ಕೈಗೆ ಹತ್ತಲಿ.

ನಮ್ಮ ಕಾರು ಎಷ್ಟು ಎಳೆಯುತ್ತೆ ಅಂತ ಎಲ್ಲಿ ನೋಡ್ಬೇಕು? ಒಂದು ಸೆಕೆಂಡ್ ಹ್ಯಾಂಡ್ ಕ್ಯಾರವಾನ್ ನೋಡಿದೀವಿ, ಅದರ ಪ್ಲೇಟ್ ಮೇಲೆ 1,350 ಕೆಜಿ ಅಂತಿದೆ. ಮಾರೋರು ಆರಾಮಾಗಿ ಎಳೆಯುತ್ತೆ ಅಂತಾರೆ. (ಸ್ವಿಂಡನ್)

ಮಾರೋರ ಮಾತು ಪಕ್ಕಕ್ಕಿಡಿ, ಕಾರಿನ ಬಾಗಿಲು ತೆಗೀರಿ. ಡ್ರೈವರ್ ಅಥವಾ ಪಕ್ಕದ ಸೀಟಿನ ಬಾಗಿಲ ಚೌಕಟ್ಟಲ್ಲಿ, ಇಲ್ಲಾಂದ್ರೆ ಬಾನೆಟ್ ಕೆಳಗೆ ಒಂದು ಪುಟ್ಟ ಪ್ಲೇಟು ಅಥವಾ ಸ್ಟಿಕ್ಕರ್ ಇರುತ್ತೆ, ವಿಐಎನ್ ಪ್ಲೇಟ್ ಅಂತಾರೆ. ಅದರಲ್ಲಿ ಸಾಮಾನ್ಯವಾಗಿ ನಾಲ್ಕು ತೂಕ ಒಂದರ ಕೆಳಗೊಂದು ಬರ್ದಿರ್ತಾರೆ. ಮೊದಲನೇದು ಜನ, ಲಗೇಜು ಎಲ್ಲಾ ತುಂಬಿದಾಗ ಕಾರಿನ ಗರಿಷ್ಠ ತೂಕ. ಎರಡನೇದು ಕಾರು ಮತ್ತೆ ಹಿಂದೆ ಕಟ್ಟಿದ್ದು ಎರಡೂ ಸೇರಿ ಗರಿಷ್ಠ. ಮೂರು ನಾಲ್ಕು ಮುಂದಿನ ಹಿಂದಿನ ಆಕ್ಸಲ್‌ದು. ಎರಡನೇದರಲ್ಲಿ ಮೊದಲನೇದು ಕಳೀರಿ. ಉದಾಹರಣೆಗೆ 3,450ರಲ್ಲಿ 1,950 ಕಳೆದ್ರೆ 1,500, ಕಾರು ಪೂರ್ತಿ ತುಂಬಿದ್ದಾಗ ಅದು ಎಳೀಬಹುದಾದ ತೂಕ ಅದು. ಆ ಎರಡನೇ ನಂಬರ್ ಇಲ್ವೇ ಇಲ್ಲ ಅಂದ್ರೆ ಆ ಕಾರಲ್ಲಿ ಏನೂ ಎಳೆಯೋ ಹಾಗಿಲ್ಲ, ಎಳೆಯೋಕೆ ಕಾರಿನ ಹಿಂದೆ ಸೇರ್ಸೋ ಕಬ್ಬಿಣದ ಟೋಬಾರ್ ಹಾಕ್ಸಿಬಿಟ್ರೆ ಆಗುತ್ತೆ ಅಂತ ಯಾರಾದ್ರೂ ಹೇಳಿದ್ರೂ ಕೇಳ್ಬೇಡಿ.

ಇದು ಕಾನೂನಿನ ಲೆಕ್ಕ. ಸುರಕ್ಷತೆ ಲೆಕ್ಕ ಇದಕ್ಕಿಂತ ಬಿಗಿ. ಇಲ್ಲಿ ಕ್ಯಾರವಾನ್ ಜನ ಎಲ್ರೂ ಹೇಳೋದು 85 ಪರ್ಸೆಂಟ್ ಅಂತ, ಅಂದ್ರೆ ಕ್ಯಾರವಾನಿನ ಗರಿಷ್ಠ ತೂಕ ನಿಮ್ಮ ಖಾಲಿ ಕಾರಿನ ತೂಕದ ನೂರಕ್ಕೆ 85 ದಾಟಬಾರ್ದು, ಅದರಲ್ಲೂ ಹೊಸಬರಿಗೆ. ಇದು ಕಾನೂನಲ್ಲ, ಸಲಹೆ, ಆದ್ರೆ ಒಳ್ಳೇ ಸಲಹೆ. ನಿಮ್ಮ ಕಾರು 1,450 ಕೆಜಿ ಅಂತ ಬರ್ದಿದೀರಿ, ಅದರ 85 ಪರ್ಸೆಂಟ್ ಅಂದ್ರೆ 1,232. ನೀವು ನೋಡಿರೋದು 1,350, ಅಂದ್ರೆ 93 ಪರ್ಸೆಂಟ್. ಕಾನೂನು ಪ್ರಕಾರ ತಪ್ಪಿಲ್ದೇ ಇರಬಹುದು, ಆದ್ರೆ ಮೊದಲನೇ ಕ್ಯಾರವಾನ್ ಇದು ಅಂತೀರಿ, ಇಬ್ರು ಚಿಕ್ಕ ಮಕ್ಕಳು ಬೇರೆ. ನನ್ನ ಕೇಳಿದ್ರೆ ಬಿಡಿ ಅದನ್ನ, ಇನ್ನೂ ಹಗುರಾದ್ದು ಹುಡುಕಿ, ಸಿಗುತ್ತೆ.

ಕ್ಯಾರವಾನ್ ಪ್ಲೇಟಲ್ಲೂ ಎರಡು ತೂಕ ಮುಖ್ಯ. ಖಾಲಿ ಗಾಡಿ ಫ್ಯಾಕ್ಟರಿಯಿಂದ ಬಂದಾಗಿನ ತೂಕ ಒಂದು, ಸಾಮಾನು ತುಂಬಿ ಎಷ್ಟು ದಾಟಬಾರ್ದು ಅನ್ನೋದು ಇನ್ನೊಂದು. ಎರಡರ ನಡುವಿನ ವ್ಯತ್ಯಾಸಾನೇ ನೀವು ಹೇರಬಹುದಾದ ಭಾರ, ನಿಮ್ಮ ಕೇಸಲ್ಲಿ 1,350ರಲ್ಲಿ ಖಾಲಿ ತೂಕ 1,210 ಹೋದ್ರೆ 140 ಕೆಜಿ. ಜಾಸ್ತಿ ಅನ್ಸುತ್ತೆ ಅಲ್ವಾ? ಬ್ಯಾಟರಿ ಇಪ್ಪತ್ತು ಇಪ್ಪತ್ತೈದು, ಹೊರಗಡೆ ಕಟ್ಟೋ ಆನಿಂಗ್ ಟೆಂಟ್ ಕಂಬ ಸಮೇತ ಇನ್ನೊಂದಷ್ಟು, ಗಾಡಿ ತಳ್ಳೋ ಮೋಟಾರು ಹಾಕ್ಸಿದ್ರೆ ಮೂವತ್ತು, ಗ್ಯಾಸ್ ಸಿಲಿಂಡರು, ಹಾಸಿಗೆ ಹೊದಿಕೆ, ಪಾತ್ರೆ, ನೋಡ್ತಾ ನೋಡ್ತಾ ಮುಗೀತು. ನಮ್ಮೋರು ಇದರ ಮೇಲೆ ಹತ್ತು ಕೆಜಿ ಅಕ್ಕಿ ಚೀಲ, ಕುಕ್ಕರು, ಟೇಬಲ್ ಟಾಪ್ ಗ್ರೈಂಡರು ಅಂತ ಇಡ್ತೀವಿ, ಗ್ರೈಂಡರೊಂದೇ ಹತ್ತು ಹನ್ನೆರಡು ಕೆಜಿ ಬರುತ್ತೆ. ಹಿಟ್ಟು ಮನೇಲೇ ರುಬ್ಬಿ ಡಬ್ಬೀಲಿ ಒಯ್ಯಿರಿ, ಅದನ್ನೂ ಕ್ಯಾರವಾನಲ್ಲಿ ಬೇಡ, ಕಾರಲ್ಲಿ ಇಡಿ. ನೀರಿನ ಟ್ಯಾಂಕ್ ಖಾಲಿ ಮಾಡ್ಕೊಂಡೇ ಹೊರಡಿ, ಲೀಟರಿಗೆ ಒಂದು ಕೆಜಿ, ನೀರು ಹೋದ ಜಾಗದಲ್ಲೂ ಸಿಗುತ್ತೆ.

ಅಂದಾಜಲ್ಲಿ ಬಿಡ್ಬೇಡಿ. ರಜೆಗೆ ತುಂಬೋ ಹಾಗೇ ತುಂಬಿ ಒಂದ್ಸಲ ವೇಬ್ರಿಜ್‌ಗೆ ತಗೊಂಡು ಹೋಗಿ. ಸಕ್ಕರೆ ಫ್ಯಾಕ್ಟರಿ ಮುಂದೆ ಕಬ್ಬಿನ ಗಾಡಿ ನಿಲ್ಸಿ ತೂಕ ಹಾಕ್ತಾರಲ್ಲ, ಅದೇ ಥರದ್ದು ಇಲ್ಲೂ ಸಾರ್ವಜನಿಕರಿಗೆ ಅಂತ ಇರುತ್ತೆ, ನಿಮ್ಮ ಕೌನ್ಸಿಲ್‌ನಲ್ಲಿ ಕೇಳಿದ್ರೆ ಹತ್ರದ್ದು ಎಲ್ಲಿದೆ ಅಂತ ಹೇಳ್ತಾರೆ, ಸ್ವಲ್ಪ ದುಡ್ಡು ತಗೋತಾರೆ. ನಾವು ಮೊದಲನೇ ಸಲ ಹಾಕ್ಸಿದಾಗ 60 ಕೆಜಿ ಜಾಸ್ತಿ ಬಂದಿತ್ತು, ನನಗೆ ಒಂದು ಚೂರೂ ಸುಳಿವಿರ್ಲಿಲ್ಲ.

ಭಾರದ ಸಾಮಾನೆಲ್ಲಾ ನಮ್ಮ ಯಜಮಾನ್ರು ಕ್ಯಾರವಾನಿನ ಹಿಂಭಾಗಕ್ಕೇ ಹಾಕ್ತಾರೆ. ಮುಂದೆ ಹಾಕಿದ್ರೆ ಕಾರಿನ ಹಿಂಭಾಗ ಕುಸಿಯುತ್ತೆ ಅಂತಾರೆ. ನನಗೆ ಯಾಕೋ ಭಯ. (ಲೆಸ್ಟರ್)

ಮೇಡಂ, ನಿಮ್ಮ ಭಯಾನೇ ಸರಿ. ಈ ಪ್ರಶ್ನೆಗೆ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಈ ಪುಟದಲ್ಲಿ ಬೇರೆ ಏನು ಓದದಿದ್ರೂ ಇದೊಂದು ಓದ್ಲಿ ಅಂತ ನನ್ನಾಸೆ.

ನಮ್ಮಪ್ಪ ಕಬ್ಬಿನ ಗಾಡಿ ಹೊಡೀತಿದ್ರು. ಕಬ್ಬು ಹೇರುವಾಗ ಹೊರೆ ಎಷ್ಟು ಅನ್ನೋದಕ್ಕಿಂತ ಎಲ್ಲಿ ಕೂತಿದೆ ಅಂತ ನೋಡ್ತಿದ್ರು. ಗಾಡಿ ಹಿಂಭಾರ ಆದ್ರೆ ನೊಗ ಎತ್ತಿನ ಹೆಗಲಿಂದ ಮೇಲಕ್ಕೆ ಏಳುತ್ತೆ, ಕೊರಳಿನ ಹಗ್ಗ ಬಿಗಿಯುತ್ತೆ, ಎತ್ತು ಕಾಲೂರಕ್ಕಾಗ್ದೆ ಒದ್ದಾಡುತ್ತೆ. ತೀರಾ ಮುಂಭಾರ ಆದ್ರೆ ಹೆಗಲು ಹುಣ್ಣಾಗುತ್ತೆ. ಹಾಗಾಗಿ ಭಾರ ಎಲ್ಲಾ ಅಚ್ಚಿನ ಮೇಲೆ ಕೂರ್ಬೇಕು, ಒಂದಿಷ್ಟು ಮಾತ್ರ ಮುಂಭಾರ ಇರ್ಬೇಕು. ನೊಗ ಕೈಯಲ್ಲಿ ಎತ್ತಿ ಇಳಿಸಿ ನೋಡಿ, ಇನ್ನೆರಡು ಹೊರೆ ಮುಂದಕ್ಕೆ ಎಳೀರೋ ಅಂತಿದ್ರು. ಕ್ಯಾರವಾನಿಗೂ ಇದೇ ಲೆಕ್ಕ, ಒಂದಕ್ಷರ ಬೇರೆ ಇಲ್ಲ. ಕಾರಿನ ಟೋಬಾಲ್, ಅಂದ್ರೆ ಟೋಬಾರಿನ ತುದೀಲಿರೋ ಗುಂಡು, ಅದರ ಮೇಲೆ ಕ್ಯಾರವಾನಿನ ಮೂತಿ ಒತ್ತೋ ಭಾರಕ್ಕೆ ಇಲ್ಲಿ ನೋಸ್‌ವೇಟ್ ಅಂತಾರೆ, ಅದೇ ನಮ್ಮ ಮುಂಭಾರ.

ಎಷ್ಟಿರ್ಬೇಕು? ತುಂಬಿದ ಕ್ಯಾರವಾನಿನ ತೂಕದ ನೂರಕ್ಕೆ 5ರಿಂದ 7. ಗಾಡಿ 1,300 ಕೆಜಿ ಇದ್ರೆ 65ರಿಂದ 91 ಕೆಜಿ. ಆದ್ರೆ ಮೇಲಿನ ಮಿತಿ ಮೂರು ಕಡೆ ಬರ್ದಿರುತ್ತೆ, ಕಾರಿನ ಹ್ಯಾಂಡ್‌ಬುಕ್ಕಲ್ಲಿ ಒಂದು, ಟೋಬಾರಿನ ಪ್ಲೇಟ್ ಮೇಲೆ ಒಂದು, ಟೋಬಾಲಿಗೆ ಸಿಕ್ಕೋ ಕ್ಯಾರವಾನಿನ ಕೊಂಡಿ (ಹಿಚ್) ಮೇಲೆ ಒಂದು. ಮೂರರಲ್ಲಿ ಯಾವುದು ಕಮ್ಮಿಯೋ ಅದೇ ನಿಮ್ಮ ಮಿತಿ. ಕಾರಿಗೆ 75 ಅಂತಿದ್ರೆ 75, ಮಿಕ್ಕಿದ್ದು 100 ಇದ್ರೂ ಲೆಕ್ಕಕ್ಕಿಲ್ಲ.

ಅಳೆಯೋಕೆ ಬಾತ್‌ರೂಮಿನ ತೂಕದ ಮಷೀನು ಸಾಕು. ಸಮತಟ್ಟು ಜಾಗದಲ್ಲಿ ನಿಲ್ಸಿ, ಚಕ್ರಕ್ಕೆ ಎರಡೂ ಕಡೆ ಅಡ್ಡ ಮರದ ತುಂಡು ಗಟ್ಟಿಯಾಗಿ ಕೊಡಿ, ಒಳಗೆ ಯಾರೂ ಇರ್ಬಾರ್ದು. ಮಷೀನ್ ಮೇಲೆ ಒಂದು ಹಲಗೆ, ಅದರ ಮೇಲೆ ಟೋಬಾಲ್ ಎತ್ತರಕ್ಕೆ ಸರಿಯಾಗಿ ಕೊಯ್ದ ಮರದ ತುಂಡು ನೇರ ನಿಲ್ಸಿ, ಹಿಚ್ ಅದರ ಮೇಲೆ ಕೂರೋ ಹಾಗೆ ಮೂತಿ ಕೆಳಗೆ ಊರೋ ಪುಟ್ಟ ಚಕ್ರ, ಜಾಕಿ ವೀಲನ್ನ ಮೆಲ್ಲಗೆ ಮೇಲಕ್ಕೆ ಸುತ್ತಿ. ಜಾಕಿ ವೀಲ್ ನೆಲ ಬಿಟ್ಟಾಗ ಮಷೀನ್ ತೋರ್ಸೋದೇ ನೋಸ್‌ವೇಟು. ಕಮ್ಮಿ ಇದ್ರೆ ಒಂದು ಭಾರದ ವಸ್ತು ಅಚ್ಚಿನಿಂದ ಸ್ವಲ್ಪ ಮುಂದಕ್ಕೆ ಸರ್ಸಿ, ಜಾಸ್ತಿ ಇದ್ರೆ ಹಿಂದಕ್ಕೆ. ಆನಿಂಗ್ ಚೀಲ ಒಂದಡಿ ಆಕಡೆ ಈಕಡೆ ಸರ್ಸಿದ್ರೂ ಮುಳ್ಳು ಅಲ್ಲಾಡೋದು ಕಣ್ಣಿಗೇ ಕಾಣುತ್ತೆ.

ಹಾಗಾಗಿ ಯಜಮಾನ್ರಿಗೆ ಹೇಳಿ, ಭಾರದ್ದು ಹಿಂದೆ ಅಲ್ಲ, ಮುಂದೆನೂ ಅಲ್ಲ, ನಡುವೆ, ಚಕ್ರದ ಮೇಲೆ, ನೆಲಕ್ಕೆ ತಾಗಿ. ಮೇಲಿನ ಕಪಾಟುಗಳಿಗೆ ಟವಲ್ಲು, ಬಿಸ್ಕೆಟ್ಟು, ಮಕ್ಕಳ ಬಟ್ಟೆ ಅಷ್ಟೇ. ಕಾರಿನ ಹಿಂಭಾಗ ಕುಸಿಯುತ್ತೆ ಅನ್ನೋದೂ ಅವರು ಸುಮ್ನೆ ಹೇಳ್ತಿರೋದಲ್ಲ, ಕುಸಿದ್ರೆ ಹೆಡ್‌ಲೈಟ್ ಮೇಲಕ್ಕೆ ಎದ್ದು ಎದುರಿಗೆ ಬರೋರ ಕಣ್ಣಿಗೆ ಬೀಳುತ್ತೆ, ಮುಂದಿನ ಟೈರಿನ ಹಿಡಿತನೂ ಕಮ್ಮಿ ಆಗುತ್ತೆ. ಅದಕ್ಕೆ ಪರಿಹಾರ ಕಾರಿನ ಡಿಕ್ಕಿ ಹಗುರ ಮಾಡೋದು, ಕ್ಯಾರವಾನನ್ನ ಹಿಂಭಾರ ಮಾಡೋದಲ್ಲ.

ಎಂ4ರಲ್ಲಿ ಲಾರಿ ಪಕ್ಕದಲ್ಲಿ ಹೋದಾಗ ನಮ್ಮ ಕ್ಯಾರವಾನ್ ಎಳೆದ ಹಾಗೆ ಆಗುತ್ತೆ. ಒಂದ್ಸಲ ಎರಡು ಮೂರು ಬಾರಿ ಆಕಡೆ ಈಕಡೆ ಆಡ್ತು. ಹಾಗಾದಾಗ ಏನ್ ಮಾಡ್ಬೇಕು? (ರೆಡಿಂಗ್)

ಸ್ವಲ್ಪ ಎಳೆದ ಹಾಗಾಗೋದು ಎಲ್ರಿಗೂ ಆಗುತ್ತೆ. ದೊಡ್ಡ ಲಾರಿ ಅಥವಾ ಕೋಚ್ ಬಸ್ಸು ಹಿಂದಿನಿಂದ ಬಂದು ದಾಟುವಾಗ ಅದರ ಮೂತಿ ತಳ್ಳೋ ಗಾಳಿ ನಿಮ್ಮನ್ನ ಮೊದಲು ಹೊರಕ್ಕೆ ತಳ್ಳುತ್ತೆ, ಆಮೇಲೆ ಒಳಕ್ಕೆ ಎಳೆಯುತ್ತೆ. ಎಡಗಡೆ ಜಾಗ ಇದ್ರೆ ಲೇನ್ ಒಳಗೇ ಸ್ವಲ್ಪ ಸರ್ಕೊಳ್ಳಿ, ಅಷ್ಟೇ. ಆದ್ರೆ ಎರಡು ಮೂರು ಬಾರಿ ಆಡ್ತು ಅಂದ್ರಲ್ಲ, ಅದು ಬೇರೆ ವಿಷಯ, ಇಲ್ಲಿ ಅದಕ್ಕೆ ಸ್ನೇಕಿಂಗ್ ಅಂತಾರೆ, ಹಾವು ಹರಿದ ಹಾಗೆ. ಅದನ್ನ ಹಗುರವಾಗಿ ತಗೋಬೇಡಿ.

ನನಗೆ ಒಂದೇ ಒಂದು ಸಲ ಆಗಿದೆ. ಎಂ5ರಲ್ಲಿ ಬ್ರಿಸ್ಟಲ್ ದಾಟಿ ಕ್ಲೀವ್ಡನ್ ಕಡೆ ಇಳಿಜಾರು ಇಳೀತಿದ್ವಿ. ಕ್ಯಾರವಾನಿನ ಹಿಂದಿನ ಸ್ಟ್ಯಾಂಡಿಗೆ ಮೂರು ಸೈಕಲ್ ಕಟ್ಟಿದ್ದೆ, ಆನಿಂಗ್ ಚೀಲ ಅದರ ಒಳಗಿನ ಹಿಂದಿನ ಸೀಟಿನ ಕೆಳಗೆ. ಒಂದು ಕೋಚ್ ದಾಟ್ತು. ಮೊದಲು ಸ್ಟೇರಿಂಗ್ ಹಗುರ ಆದ ಹಾಗಾಯ್ತು, ಆಮೇಲೆ ಸೀಟಿನ ಕೆಳಗಿಂದ ಯಾರೋ ನಿಧಾನಕ್ಕೆ ತಳ್ಳಿದ ಹಾಗೆ, ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಇನ್ನೂ ಜೋರಾಗಿ. ಕನ್ನಡೀಲಿ ಕ್ಯಾರವಾನಿನ ಪಕ್ಕದ ಕಿಟಕಿ ಪೂರ್ತಿ ಕಾಣ್ತು, ಆಮೇಲೆ ಕಾಣ್ಲಿಲ್ಲ, ಆಮೇಲೆ ಇನ್ನೊಂದು ಕನ್ನಡೀಲಿ ಕಾಣ್ತು. ಹೆಂಡತಿ ಮೇಲಿನ ಹ್ಯಾಂಡಲ್ ಹಿಡ್ಕೊಂಡ್ಲು, ಮಾತಾಡ್ಲಿಲ್ಲ. ಮಗಳ ನೀರಿನ ಬಾಟ್ಲಿ ಕಾಲಡಿ ಆಕಡೆ ಈಕಡೆ ಉರುಳ್ತಿದ್ದ ಸದ್ದು ಈಗಲೂ ಕಿವೀಲಿದೆ. ನಾನು ಆಕ್ಸಿಲರೇಟರಿಂದ ಕಾಲು ತೆಗೆದು ಸ್ಟೇರಿಂಗ್ ನೇರ ಹಿಡ್ಕೊಂಡೆ, ಬೇರೇನೂ ಮಾಡ್ಲಿಲ್ಲ. ನಾಲ್ಕೈದು ಸಲ ಆಡಿ ನಿಂತ್ಕೊಳ್ತು. ಮುಂದಿನ ಎಕ್ಸಿಟಲ್ಲಿ ಇಳಿದು ಸೈಕಲ್ಲೆಲ್ಲಾ ಬಿಚ್ಚಿ ಮುಂದಿನ ಬಾಗಿಲಿಂದ ಒಳಗೆ ಅಚ್ಚಿನ ಮೇಲೆ ಮಲಗಿಸಿ ಹಗ್ಗ ಕಟ್ಟಿ ಹೋದ್ವಿ, ಆಮೇಲೆ ಡೆವನ್‌ವರೆಗೆ ಗಾಡಿ ರೈಲಿನ ಥರ ಹಿಂದೆ ಬಂತು. ಅದೇ ಕಾರು, ಅದೇ ಕ್ಯಾರವಾನು, ಅಷ್ಟೇ ತೂಕ. ಬದಲಾಗಿದ್ದು ಜಾಗ ಒಂದೇ.

ಮಾಡ್ಬೇಕಾದ್ದು ಇಷ್ಟೇ: ಆಕ್ಸಿಲರೇಟರಿಂದ ಕಾಲು ತೆಗೀರಿ, ಸ್ಟೇರಿಂಗ್ ನೇರ ಗಟ್ಟಿಯಾಗಿ ಹಿಡೀರಿ, ವೇಗ ತಾನಾಗಿ ಇಳೀಲಿ. ಇಲ್ಲಿನ ಸರ್ಕಾರಿ ರಸ್ತೆ ನಿಯಮದ ಪುಸ್ತಕ ಹೈವೇ ಕೋಡ್‌ನಲ್ಲೂ ಇದನ್ನೇ ಹೇಳಿರೋದು. ಮಾಡಬಾರದ್ದು ಮೂರು. ಬ್ರೇಕ್ ಜೋರಾಗಿ ಒತ್ತಬೇಡಿ, ಹಿಂದಿನ ಗಾಡಿ ಕಾರನ್ನ ಪಕ್ಕಕ್ಕೆ ತಳ್ಳಿ ಮಡಚಿಹಾಕುತ್ತೆ. ಕ್ಯಾರವಾನ್ ಆಡಿದ ಹಾಗೆ ಸ್ಟೇರಿಂಗ್ ಆಕಡೆ ಈಕಡೆ ತಿರುಗಿಸ್ಬೇಡಿ, ನಿಮ್ಮ ಕೈ ಯಾವಾಗಲೂ ಒಂದು ಹೆಜ್ಜೆ ಹಿಂದೆ ಇರುತ್ತೆ, ಆಟ ಜಾಸ್ತಿಯೇ ಆಗುತ್ತೆ. ವೇಗ ಹೆಚ್ಚಿಸಿದ್ರೆ ನೇರ ಆಗುತ್ತೆ ಅನ್ನೋ ಹಳೇ ಮಾತು ಕೇಳ್ಬೇಡಿ, ವೇಗಾನೇ ಇದರ ತಾಯಿಬೇರು.

ಸ್ಟೆಬಿಲೈಸರ್ ಹಿಚ್ ಇದೆಯಲ್ಲಾ ಅಂತ ಕೆಲವರು ಕೇಳಿದಾರೆ. ಒಳ್ಳೇದು, ಇರ್ಲಿ, ಅದು ಟೋಬಾಲನ್ನ ಗಟ್ಟಿ ಹಿಡ್ಕೊಂಡು ಸಣ್ಣ ಅಲುಗಾಟ ಅಲ್ಲೇ ಅಡಗಿಸುತ್ತೆ. ಆದ್ರೆ ತಪ್ಪಾಗಿ ತುಂಬಿದ್ದನ್ನ ಅದು ಮುಚ್ಚಿಡುತ್ತೆ ಅಷ್ಟೇ, ಸರಿ ಮಾಡಲ್ಲ. ಒಂದು ಮಟ್ಟದ ಮೇಲೆ ಅದರ ಕೈಯಲ್ಲೂ ಆಗಲ್ಲ. ಸಣ್ಣ ಅಲುಗಾಟ ಶುರುವಾದ ವೇಗ ಯಾವುದು ಅಂತ ನೆನಪಿಟ್ಕೊಳ್ಳಿ, ಗಾಡಿ ನಿಲ್ಸಿ ಸಾಮಾನು ಮತ್ತೆ ಹೊಂದಿಸೋವರೆಗೆ ಆ ವೇಗದ ಹತ್ರಾನೂ ಹೋಗ್ಬೇಡಿ.

ಸ್ಪೀಡ್ ಲಿಮಿಟ್ ಬೇರೆ ಇದೆಯಾ? ಕನ್ನಡಿ ಬೇರೆ ಹಾಕ್ಲೇಬೇಕಾ? (ಹಲವರು)

ಬೇರೆ ಇದೆ. ಮೋಟರ್‌ವೇ ಮತ್ತೆ ಡ್ಯುಯಲ್ ಕ್ಯಾರೇಜ್‌ವೇಲಿ 60 ಮೈಲಿ, ನಡುವೆ ಡಿವೈಡರ್ ಇಲ್ಲದ ರೋಡಲ್ಲಿ 50 ಮೈಲಿ, ಅಲ್ಲಿ ಬೋರ್ಡು ಅದಕ್ಕಿಂತ ಕಮ್ಮಿ ಹಾಕಿದ್ರೆ ಅದೇ. ಮೂರು ಅಥವಾ ಜಾಸ್ತಿ ಲೇನ್ ಇರೋ ಮೋಟರ್‌ವೇಲಿ ತೀರಾ ಬಲಗಡೆ ಲೇನ್ ನಮಗಿಲ್ಲ. ಇನ್ನು ಕನ್ನಡಿ, ಕ್ಯಾರವಾನು ಕಾರಿಗಿಂತ ಅಗಲ ಇದ್ರೆ, ಸಾಮಾನ್ಯವಾಗಿ ಇದ್ದೇ ಇರುತ್ತೆ, ಟೋಯಿಂಗ್ ಮಿರರ್ ಎರಡೂ ಕಡೆ ಹಾಕ್ಲೇಬೇಕು. ಸರಿಯಾಗಿ ಹಿಂದೆ ಕಾಣದೆ ಓಡಿಸಿ ಸಿಕ್ಕಿಬಿದ್ರೆ 1,000 ಪೌಂಡ್‌ವರೆಗೆ ದಂಡ, ಲೈಸೆನ್ಸ್ ಮೇಲೆ 3 ಪಾಯಿಂಟು. ಕ್ಯಾರವಾನ್ ಕಳಚಿಟ್ಟು ಕಾರು ಒಂದೇ ಓಡಿಸುವಾಗ ಆ ಕನ್ನಡಿ ತೆಗೆದಿಡಿ.

ಅಪ್ಪ ಅಮ್ಮ ಊರಿಂದ ಬಂದಿದಾರೆ. ದೂರದ ಪ್ರಯಾಣ, ಅವರು ಕ್ಯಾರವಾನ್ ಒಳಗೆ ಮಲಗಿಕೊಂಡು ಬರಬಹುದಾ? (ಕವೆಂಟ್ರಿ)

ಬೇಡ, ಖಂಡಿತ ಬೇಡ. ಕ್ಯಾರವಾನ್ ಓಡುವಾಗ ಒಳಗೆ ಜನ ಇರೋ ಹಾಗಿಲ್ಲ, ಸೀಟ್ ಬೆಲ್ಟಿಲ್ಲ, ಗೋಡೆ ತೆಳು ಹಲಗೆ. ಎಲ್ರೂ ಕಾರಲ್ಲೇ. ಎರಡು ಗಂಟೆಗೊಂದ್ಸಲ ಮೋಟರ್‌ವೇ ಪಕ್ಕದ ಸರ್ವಿಸ್ ಸ್ಟೇಷನ್ನಲ್ಲಿ ನಿಲ್ಸಿದ್ರೆ ಆಯ್ತು, ಅಲ್ಲೇ ಕ್ಯಾರವಾನ್ ಬಾಗಿಲು ತೆಗೆದು ಕಾಫಿ ಮಾಡ್ಕೊಡಿ, ಹಿರೀಕರಿಗೆ ಕಾಲು ಚಾಚಿ ಕೂರೋಕೆ ಸಿಗುತ್ತೆ. ಹೊರಡೋ ಮುಂಚೆ ಗ್ಯಾಸ್ ಸಿಲಿಂಡರ್ ನಾಬ್ ಬಂದ್ ಮಾಡಿದ್ದೀರಾ ಅಂತ ಕೈಯಿಟ್ಟು ನೋಡಿ. ಗಾಡಿ ಓಡೋವಾಗ ಫ್ರಿಜ್ ಕಾರಿನ ಕರೆಂಟಲ್ಲಿ ನಡೆಯುತ್ತೆ.

ಹಿಚ್ ಮಾಡುವಾಗ ಏನೋ ಒಂದು ಮರ್ತುಬಿಡ್ತೀನಿ. ಕೆಂಪು ಬಣ್ಣದ ಒಂದು ತೆಳು ಕೇಬಲ್ ಇದೆ, ಅದು ಯಾತಕ್ಕೆ? (ನಾಟಿಂಗ್‌ಹ್ಯಾಮ್)

ಆ ಕೆಂಪು ಕೇಬಲ್ಲೇ ಬ್ರೇಕ್‌ಅವೇ ಕೇಬಲ್. ಓಡ್ತಾ ಓಡ್ತಾ ಕ್ಯಾರವಾನ್ ಏನಾದ್ರೂ ಟೋಬಾಲಿಂದ ಕಳಚಿಕೊಂಡ್ರೆ ಆ ಕೇಬಲ್ ಎಳೆದು ಕ್ಯಾರವಾನಿನ ಹ್ಯಾಂಡ್‌ಬ್ರೇಕ್ ಹಾಕುತ್ತೆ, ಆಮೇಲೆ ತುಂಡಾಗುತ್ತೆ. ಹಾಗೆ ತುಂಡಾಗ್ಬೇಕು ಅಂತಾನೇ ತೆಳುವಾಗಿ ಮಾಡಿರೋದು. ಹೆಚ್ಚಿನ ಟೋಬಾರ್‌ಗಳಲ್ಲಿ ಅದಕ್ಕೆ ಅಂತಾನೇ ಒಂದು ಕಣ್ಣು ಇರುತ್ತೆ, ಅಲ್ಲಿಗೇ ಸಿಕ್ಕಿಸಿ. ನೆಲಕ್ಕೆ ಉಜ್ಜೋ ಅಷ್ಟು ಸಡಿಲ ಇರ್ಬಾರ್ದು, ತಿರುವಲ್ಲಿ ಬಿಗಿಯಾಗೋ ಹಾಗೂ ಇರ್ಬಾರ್ದು.

ಮರೆವಿಗೆ ನನ್ನ ಉಪಾಯ ಏನಂದ್ರೆ ಮೂತಿಯಿಂದ ಶುರು ಮಾಡಿ ಗಾಡಿ ಸುತ್ತ ಒಂದು ಪ್ರದಕ್ಷಿಣೆ ಹಾಕೋದು, ದೇವಸ್ಥಾನದಲ್ಲಿ ಹಾಕೋ ಹಾಗೆ ಯಾವಾಗಲೂ ಒಂದೇ ದಿಕ್ಕಲ್ಲಿ. ಹಿಚ್ ಟೋಬಾಲಿಗೆ ಕೂತ ಮೇಲೆ ಹಸಿರು ಗುರುತು ಕಾಣ್ಬೇಕು, ಅಷ್ಟಕ್ಕೇ ನಂಬ್ಬೇಡಿ, ಜಾಕಿ ವೀಲನ್ನ ಎರಡು ಸುತ್ತು ಕೆಳಕ್ಕೆ ಸುತ್ತಿ ಕಾರಿನ ಹಿಂಭಾಗ ಜೊತೇಲಿ ಮೇಲೇಳುತ್ತಾ ನೋಡಿ, ಎದ್ರೆ ಕೂತಿದೆ ಅಂತ ಅರ್ಥ. ಆಮೇಲೆ ಕೆಂಪು ಕೇಬಲ್, ಲೈಟಿನ 13 ಪಿನ್ ಪ್ಲಗ್ಗು, ಜಾಕಿ ವೀಲ್ ಪೂರ್ತಿ ಮೇಲೆತ್ತಿ ಬಿಗಿ, ನಿಂತಾಗ ಊರೋ ನಾಲ್ಕು ಮೂಲೆ ಕಾಲು ಮೇಲೆ, ಮೇಲಿನ ಕಿಟಕಿ ಬಂದ್, ಮೆಟ್ಟಿಲು ಒಳಗೆ, ಕಾರಿನ ನಂಬರೇ ಇರೋ ನಂಬರ್ ಪ್ಲೇಟ್ ಹಿಂದೆ, ಕೊನೇಲಿ ಕ್ಯಾರವಾನಿನ ಹ್ಯಾಂಡ್‌ಬ್ರೇಕ್ ಇಳ್ಸಿದೀನಾ. ಇಂಡಿಕೇಟರು ಬ್ರೇಕ್ ಲೈಟು ನೋಡೋಕೆ ಮಕ್ಕಳನ್ನ ಹಿಂದೆ ನಿಲ್ಸಿ, ನಮ್ಮ ಮಗಳು ಎಡ, ಬಲ, ಬ್ರೇಕು ಅಂತ ಕೂಗ್ತಾಳೆ. ಆ ಹೊತ್ತಲ್ಲಿ ಯಾರೇ ಬಂದು ಮಾತಾಡ್ಸಿದ್ರೂ ನಿಲ್ಸಿ, ಮಾತು ಮುಗ್ಸಿ, ಮತ್ತೆ ಮೂತಿಯಿಂದಲೇ ಶುರು ಮಾಡಿ. ಮರೆವು ಆಗೋದೆಲ್ಲಾ ಮಾತಿನ ನಡುವೇನೇ.

2016ರ ಕ್ಯಾರವಾನ್ ತಗೊಂಡ್ವಿ, ಟೈರು ಹೊಸದರ ಥರಾನೇ ಇದೆ, ಎಂಓಟಿ ಮಾಡಿಸ್ಬೇಕಾ? (ಡಾರ್ಬಿ)

ಇಲ್ಲಿ ಕ್ಯಾರವಾನಿಗೆ ಎಂಓಟಿ ಅನ್ನೋ ವಾರ್ಷಿಕ ತಪಾಸಣೆ ಇಲ್ಲ, ರೋಡ್ ಟ್ಯಾಕ್ಸೂ ಇಲ್ಲ. ಅದರರ್ಥ ವರ್ಷಕ್ಕೊಂದ್ಸಲ ನೋಡೋರು ಯಾರೂ ಇಲ್ಲ, ನೀವೇ ನೋಡ್ಬೇಕು. ಟೈರಿನ ಪಕ್ಕದಲ್ಲಿ ಒಂದು ಅಂಡಾಕಾರದ ಗೆರೆ ಒಳಗೆ ನಾಲ್ಕು ಅಂಕಿ ಇರುತ್ತೆ, 2316 ಅಂತಿದ್ರೆ 2016ರ 23ನೇ ವಾರ ತಯಾರಾಗಿದ್ದು. ಕ್ಯಾರವಾನ್ ಟೈರು ಸವೆದು ಹಾಳಾಗಲ್ಲ, ನಿಂತೂ ನಿಂತೂ ಬಿಸಿಲಿಗೆ ಹಾಳಾಗುತ್ತೆ, ಹಲ್ಲು ಚೆನ್ನಾಗೇ ಕಾಣುತ್ತೆ, ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತೆ. ಐದು ವರ್ಷ ಆದ ಮೇಲೆ ಬದಲಾಯಿಸೋ ಯೋಚನೆ ಮಾಡಿ, ಏಳು ದಾಟಿಸ್ಬೇಡಿ. ನಿಮ್ಮದು ಒರಿಜಿನಲ್ ಟೈರೇ ಆಗಿದ್ರೆ ಹೊಸದು ಹಾಕ್ಸದೇ ರೋಡಿಗೆ ಇಳಿಸ್ಲೇಬೇಡಿ. ಹವಾ ಕೂಡ ಕಾರಿಗಿಂತ ಜಾಸ್ತಿ ಬೇಕಾಗುತ್ತೆ, ಹ್ಯಾಂಡ್‌ಬುಕ್ ನೋಡಿ, ಟೈರ್ ತಣ್ಣಗಿದ್ದಾಗ ಹಾಕಿ. ಚಕ್ರ ಬಿಚ್ಚಿ ಹಾಕಿದ ಮೇಲೆ ನಟ್ಟುಗಳನ್ನ ಟಾರ್ಕ್ ರೆಂಚಲ್ಲೇ ಬಿಗಿ ಮಾಡಿ, ಮೂವತ್ತು ಮೈಲಿ ಓಡಿಸಿದ ಮೇಲೆ ಮತ್ತೊಂದ್ಸಲ ನೋಡಿ.

ಯಾರ್ಕ್‌ಷೈರ್ ಕಡೆ ಹೋಗ್ತಿದೀವಿ. ಫೋನಿನ ಮ್ಯಾಪ್ ತೋರ್ಸಿದ ದಾರೀಲೇ ಹೋದ್ರೆ ಸಾಕಲ್ವಾ? (ಲೀಡ್ಸ್)

ಸಾಲದು. ಕಾರಿಗೆ ಅಂತ ಮಾಡಿರೋ ಮ್ಯಾಪಿಗೆ ನಿಮ್ಮ ಹಿಂದೆ ಏನಿದೆ ಅಂತ ಗೊತ್ತಿರಲ್ಲ. ಥರ್ಸ್ಕ್‌ನಿಂದ ಹೆಲ್ಮ್ಸ್‌ಲಿಗೆ ಹೋಗೋ ಎ170ರಲ್ಲಿ ಸಟನ್ ಬ್ಯಾಂಕ್ ಅಂತ ಒಂದು ಏರು ಬರುತ್ತೆ, ನಾಲ್ಕಡಿಗೆ ಒಂದಡಿ ಏರುತ್ತೆ, ಹೇರ್‌ಪಿನ್ ತಿರುವು ಬೇರೆ, ಅಲ್ಲಿ ಕ್ಯಾರವಾನಿಗೆ ಪ್ರವೇಶಾನೇ ಇಲ್ಲ. ಆಗುಂಬೆ ಘಾಟಿ ನೋಡಿದೋರಿಗೆ ಆ ತಿರುವು ಅರ್ಥ ಆಗುತ್ತೆ. ಉಳಿಯೋ ಕ್ಯಾಂಪ್‌ಸೈಟಿನೋರು ತಮ್ಮ ಕಡೆಗೆ ಯಾವ ದಾರೀಲಿ ಬರ್ಬೇಕು ಅಂತ ಬರ್ದಿರ್ತಾರೆ, ಅದನ್ನೇ ನಂಬಿ, ಇಲ್ಲ ಅಂದ್ರೆ ಫೋನ್ ಮಾಡಿ ಕೇಳಿ. ವೇಲ್ಸ್ ಕಡೆ ಹೋಗೋರು ಗಾಳಿ ನೋಡ್ಕೊಳ್ಳಿ, ಎಂ48ರ ಹಳೇ ಸೆವರ್ನ್ ಸೇತುವೆ ಗಾಳಿ ಜೋರಾದ್ರೆ ಬಂದ್ ಮಾಡ್ತಾರೆ. ಬಿರುಗಾಳಿ ಎಚ್ಚರಿಕೆ ಇದ್ದ ದಿನ ಹೊರಡ್ಲೇಬೇಡಿ, ಒಂದು ದಿನದ ಬುಕಿಂಗ್ ದುಡ್ಡು ಹೋದ್ರೆ ಹೋಗ್ಲಿ.

ಎಲೆಕ್ಟ್ರಿಕ್ ಕಾರಲ್ಲಿ ಎಳೀಬಹುದಾ? (ಕೇಂಬ್ರಿಡ್ಜ್)

ಕೆಲವು ಕಾರಲ್ಲಿ ಆಗುತ್ತೆ, ತುಂಬಾ ಕಾರಿಗೆ ಕಂಪನಿ ಅನುಮತಿನೇ ಕೊಟ್ಟಿಲ್ಲ, ಮೇಲೆ ಹೇಳಿದ ಪ್ಲೇಟೇ ನೋಡಿ. ಎಳೆದ್ರೆ ಒಂದು ಚಾರ್ಜಲ್ಲಿ ಹೋಗೋ ದೂರ ಹೆಚ್ಚು ಕಮ್ಮಿ ಅರ್ಧಕ್ಕೆ ಇಳಿಯುತ್ತೆ ಅಂತ ಲೆಕ್ಕ ಹಾಕ್ಕೊಳ್ಳಿ. ಚಾರ್ಜಿಂಗ್ ಜಾಗದಲ್ಲಿ ಹೆಚ್ಚಿನ ಕಡೆ ಕ್ಯಾರವಾನ್ ಕಳಚಿ ಎಲ್ಲಾದ್ರೂ ನಿಲ್ಸಿ ಆಮೇಲೆ ಕಾರು ಸಿಕ್ಕಿಸ್ಬೇಕು, ಆ ಹೊತ್ತನ್ನೂ ಪ್ರಯಾಣಕ್ಕೆ ಸೇರಿಸ್ಕೊಳ್ಳಿ.

ಮುಂದಕ್ಕೆ ಓಡ್ಸೋದು ನನಗೆ ಸುಲಭ, ರಿವರ್ಸ್ ಮಾಡೋಕೆ ಹೋದ್ರೆ ಕ್ಯಾರವಾನ್ ಉಲ್ಟಾ ಹೋಗುತ್ತೆ. ಸೈಟಲ್ಲಿ ಎಲ್ರೂ ನೋಡ್ತಾ ಇರ್ತಾರೆ, ಕೈ ನಡುಗುತ್ತೆ. (ಸ್ಲೋ)

ಎಲ್ರಿಗೂ ಮೊದಲು ಹೀಗೇ ಆಗುತ್ತೆ ತಾಯಿ. ಒಂದು ಸುಲಭದ ದಾರಿ ಇದೆ. ಸ್ಟೇರಿಂಗನ್ನ ಮೇಲೆ ಹಿಡೀಬೇಡಿ, ತೀರಾ ಕೆಳಗಡೆ ಒಂದೇ ಕೈಲಿ ಹಿಡೀರಿ, ಗಡಿಯಾರದಲ್ಲಿ ಆರು ಗಂಟೆ ಇರೋ ಜಾಗ. ಈಗ ಕ್ಯಾರವಾನಿನ ಹಿಂಭಾಗ ಯಾವ ಕಡೆ ಹೋಗ್ಬೇಕೋ ಕೈಯನ್ನ ಅದೇ ಕಡೆ ಸರ್ಸಿ. ಬಲಕ್ಕೆ ಹೋಗ್ಬೇಕಾ, ಕೈ ಬಲಕ್ಕೆ. ತಲೇಲಿ ಉಲ್ಟಾ ಲೆಕ್ಕ ಹಾಕೋದೇ ಬೇಡ. ಸ್ವಲ್ಪ ಸ್ವಲ್ಪಾನೇ ಸರ್ಸಿ, ಕ್ಯಾರವಾನ್ ತಿರುಗೋಕೆ ಶುರು ಮಾಡಿದ ತಕ್ಷಣ ಕೈ ಹಿಂದಕ್ಕೆ ತಂದು ಅದರ ಹಿಂದೇನೇ ಹೋಗಿ. ಒಂದು ಕಡೆ ಕನ್ನಡೀಲಿ ಕ್ಯಾರವಾನ್ ಗೋಡೆ ಜಾಸ್ತಿ ಕಾಣೋಕೆ ಶುರುವಾದ್ರೆ ನಿಲ್ಸಿ, ನೇರ ಮುಂದಕ್ಕೆ ಬಂದು ಮತ್ತೆ ಶುರು ಮಾಡಿ. ಎಷ್ಟು ಸಲ ಬೇಕಾದ್ರೂ ಇಳಿದು ನೋಡಿ, ಇಳಿದು ನೋಡೋರನ್ನ ಸೈಟಲ್ಲಿ ಯಾರೂ ನಗಾಡಲ್ಲ, ಅಲ್ಲಿರೋ ಎಲ್ರೂ ಹೀಗೇ ಕಲ್ತಿರೋರು, ಕೇಳಿದ್ರೆ ಬಂದು ಸಹಾಯ ಮಾಡ್ತಾರೆ. ಇಲ್ಲಿನ ಎರಡು ದೊಡ್ಡ ಕ್ಲಬ್ಬುಗಳು, ಕ್ಯಾರವಾನ್ ಅಂಡ್ ಮೋಟರ್‌ಹೋಮ್ ಕ್ಲಬ್ ಮತ್ತೆ ಕ್ಯಾಂಪಿಂಗ್ ಅಂಡ್ ಕ್ಯಾರವಾನಿಂಗ್ ಕ್ಲಬ್, ಇದಕ್ಕೇ ಅಂತ ತರಬೇತಿ ಕೊಡ್ತವೆ. ಇಬ್ರೂ ಹೋಗಿ, ನೀವೂ ನಿಮ್ಮ ಮನೆಯವರೂ. ದಾರೀಲಿ ಒಬ್ರಿಗೆ ತಲೆನೋವು ಬಂದ್ರೆ ಇನ್ನೊಬ್ರು ಓಡಿಸೋ ಹಾಗಿರ್ಬೇಕು.

ಮನೆ ಮುಂದೆ ರೋಡಲ್ಲಿ ನಿಲ್ಸಬಹುದಾ? ಇನ್ಶೂರೆನ್ಸ್ ಕಾರಿಂದೇ ಸಾಕಾ? (ಹೌನ್ಸ್‌ಲೋ)

ರಾತ್ರಿ ಹೊತ್ತು ಲೈಟ್ ಇಲ್ಲದೆ ಟ್ರೈಲರನ್ನ ರೋಡಲ್ಲಿ ಬಿಡೋ ಹಾಗಿಲ್ಲ, ಕ್ಯಾರವಾನಿಗೂ ಅದೇ ರೂಲು. ಹಾಗಾಗಿ ಸ್ವಂತ ಡ್ರೈವ್‌ವೇ ಇದ್ರೆ ಅಲ್ಲಿ, ಅದಕ್ಕೂ ಮುಂಚೆ ಮನೆ ಪತ್ರ ತೆಗೆದು ನೋಡಿ, ಹೊಸ ಬಡಾವಣೆಗಳಲ್ಲಿ ಕ್ಯಾರವಾನ್ ನಿಲ್ಸಬಾರ್ದು ಅಂತ ಕರಾರು ಇರೋದುಂಟು. ಇಲ್ಲಾಂದ್ರೆ ಸ್ಟೋರೇಜಲ್ಲಿ ಬಾಡಿಗೆಗೆ ಇಡ್ಬೇಕು. ಕಾರಿನ ಇನ್ಶೂರೆನ್ಸು ಸಾಮಾನ್ಯವಾಗಿ ಎಳೆಯೋವಾಗ ಬೇರೆಯವರಿಗೆ ಆಗೋ ನಷ್ಟಕ್ಕೆ ಮಾತ್ರ ಬರುತ್ತೆ, ನಿಮ್ಮ ಕ್ಯಾರವಾನಿಗೆ ಏಟಾದ್ರೆ, ಕಳುವಾದ್ರೆ ಬರಲ್ಲ, ಅದಕ್ಕೆ ಬೇರೆ ಪಾಲಿಸಿ ತಗೋಬೇಕು. ಟೋಬಾರ್ ಹಾಕ್ಸಿದೀನಿ ಅಂತ ಕಾರಿನ ಇನ್ಶೂರೆನ್ಸ್‌ನೋರಿಗೆ ತಿಳಿಸಿ, ಬರವಣಿಗೇಲಿ ಉತ್ತರ ತಗೊಂಡು ಇಟ್ಕೊಳ್ಳಿ. ಹಿಚ್ ಲಾಕು, ವೀಲ್ ಲಾಕು ಎರಡೂ ಬೇಕು ಅಂತ ಕ್ಯಾರವಾನ್ ಪಾಲಿಸೀಲಿ ಬರ್ದಿರುತ್ತೆ, ಒಂದೇ ಹಾಕಿದ್ದು ಅಂತ ಗೊತ್ತಾದ್ರೆ ಕ್ಲೇಮ್ ಕೊಡದೇ ಇರಬಹುದು, ಆ ಎರಡು ಬೀಗದ ರಸೀತಿನೂ ಪಾಲಿಸಿ ಜೊತೇಲೇ ಫೈಲಲ್ಲಿ ಹಾಕಿಡಿ.